ಸೂಜಿ ಇಲ್ಲದ ಸ್ನಾಯು ಪರೀಕ್ಷೆ: ಸ್ಟಿಕ್ಕರ್ ಕಿತ್ತು ಮತ್ತೆ ಅಂಟಿಸಿ

ನಾನು ನರ ಮತ್ತು ಸ್ನಾಯುಗಳ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ನರಕ್ಕೆ ಚಿಕ್ಕ ಚಿಕ್ಕ ಶಾಕ್ ಕೊಟ್ಟು ಅದರ ವೇಗ ಅಳೆಯುವುದು ನನ್ನ ಪಾಲಿನದು. ಆಮೇಲೆ ಡಾಕ್ಟರ್ ಬಂದು ಸ್ನಾಯುವಿನೊಳಗೆ ಸೂಜಿ ಹಾಕಿ ಅದರ ವಿದ್ಯುತ್ ಸದ್ದು ಕೇಳುತ್ತಾರೆ. ಇಎಂಜಿ ಅಂತಾರಲ್ಲ, ಅದು. 1929ರಲ್ಲಿ ಏಡ್ರಿಯನ್ ಮತ್ತು ಬ್ರಾಂಕ್ ಅನ್ನುವ ವಿಜ್ಞಾನಿಗಳು ಇಂಥ ಸೂಜಿಯನ್ನು ಮೊದಲು ಬಳಸಿದರು. ಇವತ್ತಿಗೂ ಕೆಲಸ ನಡೆಯುವುದು ಸೂಜಿಯಲ್ಲೇ. ಅದು ಚುಚ್ಚುವಾಗ ರೋಗಿಯ ಕೈ ಹಿಡಿದುಕೊಳ್ಳುವುದು ಕೂಡ ನನ್ನ ಪಾಲಿನದೇ.

ಕೆಲವು ತಿಂಗಳ ಹಿಂದೆ ನಮ್ಮ ಕೋಣೆಗೆ ನೋವಿಲ್ಲದ ಒಂದು ಯಂತ್ರ ಬಂತು. ಸ್ನಾಯುವಿನ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಸ್ನಾಯು ಒಡ್ಡುವ ಒಟ್ಟು ಅಡ್ಡಿಯನ್ನು, ಅಳೆಯುವ ಯಂತ್ರ. ಅದನ್ನು ರೋಗಿಗಳ ಮೇಲೆ ಬಳಸುವ ಮುಂಚೆ ಪರೀಕ್ಷಿಸಿ ನೋಡುವ ಕೆಲಸ ನನಗೆ ಸಿಕ್ಕಿತು. ಇಂಥದ್ದೇ ಕೆಲಸ ನಿಮ್ಮ ಪಾಲಿಗೂ ಬಂದಿದ್ದರೆ, ಅಥವಾ ನೀವು ಫಿಸಿಯೋಥೆರಪಿಯೋ ನರವಿಜ್ಞಾನವೋ ಓದುತ್ತಿದ್ದರೆ, ನಾನು ಕಲಿತದ್ದು ಇಲ್ಲಿದೆ. ಎಡವಿದ್ದೂ ಇದೆ.

ಯಂತ್ರ ಮಾಡುವುದೇನು ಅಂತ ಮೊದಲು ನೋಡೋಣ. ಚರ್ಮದ ಮೇಲೆ ಒಂದೇ ಸಾಲಿನಲ್ಲಿ ನಾಲ್ಕು ಎಲೆಕ್ಟ್ರೋಡ್, ಅಂದರೆ ತಂತಿ ಸೇರಿಸಿದ ಸ್ಟಿಕ್ಕರ್. ತುದಿಯ ಎರಡರಿಂದ ತೀರಾ ಸಣ್ಣ ಕರೆಂಟ್ ಹೋಗುತ್ತದೆ, ಒಂದು ಮಿಲಿಆಂಪಿಯರ್‌ಗಿಂತಲೂ ಕಡಿಮೆ. ಸಾಮಾನ್ಯವಾಗಿ 50 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 50,000 ಸಲ ಹಿಂದೆ ಮುಂದೆ ಹೋಗಿಬರುವ ಕರೆಂಟ್. ಅಷ್ಟು ಸಣ್ಣದಕ್ಕೆ, ಅಷ್ಟು ವೇಗಕ್ಕೆ ನರ ಮಿಸುಕುವುದೇ ಇಲ್ಲ. ಮಲಗಿದವರಿಗೆ ಏನೂ ಗೊತ್ತಾಗುವುದಿಲ್ಲ. ನಡುವಿನ ಎರಡು ಎಲೆಕ್ಟ್ರೋಡ್ ವೋಲ್ಟೇಜ್ ಅಳೆಯುತ್ತವೆ.

ಅದರಿಂದ ಎರಡು ಅಂಕಿ ಸಿಗುತ್ತವೆ. ಒಂದು ರೆಸಿಸ್ಟೆನ್ಸ್, ಕರೆಂಟಿಗೆ ಎದುರಾಗುವ ತಡೆ. ಇನ್ನೊಂದು ರಿಯಾಕ್ಟೆನ್ಸ್. ಸ್ನಾಯುವಿನ ಒಂದೊಂದು ಎಳೆಯ ಸುತ್ತಲೂ ಪೊರೆ ಇದೆಯಲ್ಲ, ಅದು ಪುಟ್ಟ ಕೆಪಾಸಿಟರ್ ಥರ ಚಾರ್ಜ್ ಹಿಡಿದಿಟ್ಟು ಬಿಡುತ್ತದೆ. ಹಾಗಾಗಿ ವೋಲ್ಟೇಜ್ ಕರೆಂಟಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಅನ್ನುವುದೇ ಫೇಸ್, ಡಿಗ್ರಿಯಲ್ಲಿ. ರೆಸಿಸ್ಟೆನ್ಸ್ 40 ಓಮ್, ರಿಯಾಕ್ಟೆನ್ಸ್ 10 ಓಮ್ ಇದ್ದರೆ ಫೇಸ್ ಸುಮಾರು 14 ಡಿಗ್ರಿ. ಎಳೆಗಳು ಸೊರಗಿದರೆ, ನಡುವೆ ಕೊಬ್ಬೋ ನಾರೋ ತುಂಬಿಕೊಂಡರೆ, ಈ ಫೇಸ್ ಸಾಮಾನ್ಯವಾಗಿ ಇಳಿಯುತ್ತದೆ.

ಇದನ್ನು ಮುಂದೆ ತಂದವರಲ್ಲಿ ಮುಖ್ಯರು ಬಾಸ್ಟನ್‌ನ ಡಾ. ಸೀವಾರ್ಡ್ ರಟ್ಕೋವ್. ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುವ) ಕಾಯಿಲೆ ಎಷ್ಟು ವೇಗವಾಗಿ ಮುಂದುವರಿಯುತ್ತಿದೆ ಅಂತ ಇದರಿಂದ ಅಳೆಯಬಹುದು ಎಂದು ತೋರಿಸಿದ್ದಕ್ಕೆ 2011ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಬಂತು. ಅಷ್ಟು ದುಡ್ಡಿನ ಯಂತ್ರ ಅಂದಮೇಲೆ ನಾನೇನು ಪರೀಕ್ಷಿಸುವುದು ಅಂತ ನನಗೂ ಅನಿಸಿತ್ತು. ಆದರೆ ಅವರ ಕೈಯಲ್ಲಿ ಸರಿಯಾಗಿ ಅಳೆದದ್ದು ನನ್ನ ಕೈಯಲ್ಲೂ ಸರಿಯಾಗಿ ಅಳೆಯುತ್ತದೆ ಅಂತ ಏನು ಗ್ಯಾರಂಟಿ?

ಮನುಷ್ಯರನ್ನು ಮುಟ್ಟುವ ಮುಂಚೆ ಯಂತ್ರವನ್ನೇ ಕೇಳಿ. ಒಂದು 100 ಓಮ್ ರೆಸಿಸ್ಟರ್ ತಗೊಳ್ಳಿ. ಒಂದು ತುದಿಗೆ ಒಂದು ಕರೆಂಟ್ ತಂತಿ, ಒಂದು ವೋಲ್ಟೇಜ್ ತಂತಿ. ಇನ್ನೊಂದು ತುದಿಗೂ ಹಾಗೇ. 100 ಓಮ್ ಬರಬೇಕು, ಫೇಸ್ ಸೊನ್ನೆಯ ಹತ್ತಿರ ಇರಬೇಕು. ಬರೀ ರೆಸಿಸ್ಟರ್‌ನಲ್ಲಿ ಚಾರ್ಜ್ ಹಿಡಿಯುವಂಥದ್ದು ಏನೂ ಇಲ್ಲ ನೋಡಿ. ಈಗ ಅದಕ್ಕೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದನ್ನು ಪ್ಯಾರಲಲ್ ಆಗಿ ಸೇರಿಸಿ. 50 ಕಿಲೋಹರ್ಟ್ಜ್‌ನಲ್ಲಿ ಇಂಪೀಡೆನ್ಸ್ ಸುಮಾರು 95 ಓಮ್‌ಗೆ ಇಳಿದು, ಫೇಸ್ 17.4 ಡಿಗ್ರಿ ಆಸುಪಾಸು ಬರಬೇಕು. ಬಿಡಿಭಾಗಗಳಲ್ಲಿ ನೂರಕ್ಕೆ ಒಂದೋ ಐದೋ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಅಷ್ಟಕ್ಕೆ ತಲೆಕೆಡಿಸಿಕೊಳ್ಳಬೇಡಿ. ನಾನು ಇದನ್ನು ಒಂದು ಹಳೇ ಮಾತ್ರೆ ಡಬ್ಬಿಯೊಳಗೆ ಕೂರಿಸಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಯಂತ್ರ ಆನ್ ಮಾಡಿದ ತಕ್ಷಣ ಮೊದಲ ರೋಗಿ ಈ ಡಬ್ಬಿಯೇ. ಒಂದು ದಿನ ಫೇಸ್ ಮೈನಸ್ ಬಂತು. ನೋಡಿದರೆ ವೋಲ್ಟೇಜ್ ತಂತಿ ಎರಡೂ ಅದಲುಬದಲಾಗಿದ್ದವು. ಡಬ್ಬಿ ಇಲ್ಲದಿದ್ದರೆ ಯಾರದೋ ಕಾಲಿನ ಮೇಲೆ ತಪ್ಪು ಹೊರಿಸುತ್ತಿದ್ದೆ.

ಇನ್ನು ಮನುಷ್ಯರು. ಮೊದಲು ಆರೋಗ್ಯವಾಗಿ ಇರುವವರನ್ನು ಕರೆಯಿರಿ. ಹದಿನೈದು ಇಪ್ಪತ್ತು ಜನ ಆದರೂ ಬೇಕು. ತೆಳ್ಳಗಿನವರು, ದಪ್ಪಗಿನವರು, ವಯಸ್ಸಾದವರು ಎಲ್ಲ ಇರಲಿ. ಪೇಸ್‌ಮೇಕರ್ ಇದ್ದವರನ್ನು ಸೇರಿಸಿಕೊಳ್ಳಬೇಡಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ, ಅವರ ಸಹಿ, ಇವೆರಡೂ ಇಲ್ಲದೆ ಒಂದು ಸ್ಟಿಕ್ಕರೂ ಅಂಟಿಸಬೇಡಿ. ಅಳತೆಯ ದಿನ ಕಾಲಿಗೆ ಲೋಷನ್ ಹಚ್ಚಬೇಡಿ, ಜಿಮ್‌ಗೆ ಹೋಗಬೇಡಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಬಂದಮೇಲೆ ಹತ್ತು ನಿಮಿಷ ಸುಮ್ನೆ ಮಲಗಿಸಿ. ನಿಂತಿದ್ದಾಗ ಕಾಲಿಗೆ ಇಳಿದ ನೀರಿನಂಶವೂ ಅಂಕಿಯನ್ನು ಅಲ್ಲಾಡಿಸುತ್ತದೆ. ಕಾಲು ತಣ್ಣಗಿದ್ದರೆ ಹೊದಿಕೆ ಹೊದಿಸಿ ಬೆಚ್ಚಗೆ ಮಾಡಿ.

ನಾನು ಶುರು ಮಾಡಿದ್ದು ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಸ್ನಾಯುವಿನಿಂದ. ಪಾದವನ್ನು ಮೇಲಕ್ಕೆ ಎತ್ತುವ ಸ್ನಾಯು ಅದು. ಚರ್ಮಕ್ಕೆ ಹತ್ತಿರ, ಮೇಲೆ ಕೊಬ್ಬು ಕಡಿಮೆ, ಹುಡುಕುವುದೂ ಸುಲಭ. "ಹೆಬ್ಬೆರಳನ್ನ ನಿಮ್ಮ ಮೂಗಿನ ಕಡೆ ಎಳೀರಿ" ಅನ್ನಿ. ಕಾಲಿನ ಮುಂದಿನ ಎಲುಬಿನ ಚೂಪು ಅಂಚು ಕೈಗೆ ಸಿಗುತ್ತದೆ, ಅದರ ಹೊರಪಕ್ಕದಲ್ಲಿ ಬೆರಳಿನ ಕೆಳಗೆ ಸ್ನಾಯು ಗಟ್ಟಿಯಾಗಿ ಉಬ್ಬುತ್ತದೆ. ಉಬ್ಬು ಎಲ್ಲಿ ಜಾಸ್ತಿ ಅಂತ ಬೆರಳಿಗೆ ಗೊತ್ತಾಗಲಿ. ಆದರೆ ಬೆರಳನ್ನು ಮಾತ್ರ ನಂಬಿ ಕೂರಬೇಡಿ. ಮಂಡಿಚಿಪ್ಪಿನ ಕೆಳ ಅಂಚಿನಿಂದ ಪಾದದ ಹೊರಗಿನ ಗಿಣ್ಣಿನವರೆಗೆ ಟೇಪ್ ಹಿಡಿದು, ಮೇಲಿನಿಂದ ಮೂರನೇ ಒಂದು ಭಾಗಕ್ಕೆ ಪೆನ್ನಿನಲ್ಲಿ ಚುಕ್ಕಿ ಇಡಿ. 36 ಸೆಂಟಿಮೀಟರ್ ಇದ್ದರೆ 12ಕ್ಕೆ. ಆ ಅಂಕಿಯನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ವಾರಕ್ಕೆ ಚುಕ್ಕಿ ಅಳಿಸಿಹೋಗಿರುತ್ತದೆ, ಹಾಳೆಯಲ್ಲಿ ಬರೆದದ್ದು ಇರುತ್ತದೆ.

ಸ್ಪಿರಿಟ್‌ನಲ್ಲಿ ಚರ್ಮ ಒರೆಸಿ ಆರಲು ಬಿಡಿ. ಎಲೆಕ್ಟ್ರೋಡ್ ಸಾಲು ಸ್ನಾಯುವಿನ ಎಳೆಗಳ ಉದ್ದಕ್ಕೇ ಇರಲಿ, ಅಡ್ಡಕ್ಕೆ ಬೇಡ. ಮರದ ಹಲಗೆಯನ್ನು ಎಳೆಯ ಉದ್ದಕ್ಕೆ ಸೀಳುವುದಕ್ಕೂ ಅಡ್ಡಕ್ಕೆ ಕೊಯ್ಯುವುದಕ್ಕೂ ವ್ಯತ್ಯಾಸ ಇದೆಯಲ್ಲ, ಕರೆಂಟಿಗೂ ಹಾಗೇ. ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ. ಸಾಲು ಸ್ವಲ್ಪ ಓರೆಯಾದರೂ ಅಂಕಿ ಬೇರೆ. ಎಲೆಕ್ಟ್ರೋಡ್‌ಗಳ ನಡುವಿನ ದೂರವೂ ಬದಲಾಗಬಾರದು. ದೂರ ಹೆಚ್ಚಾದಷ್ಟೂ ಕರೆಂಟ್ ಆಳಕ್ಕೆ ಇಳಿಯುತ್ತದೆ. ಕೊನೆಯದಾಗಿ, "ಪಾದ ಸಡಿಲ ಬಿಡಿ" ಅಂತ ಹೇಳಿ ಒಂದು ಸಲ ಅಲ್ಲಾಡಿಸಿ ನೋಡಿ. ಸ್ನಾಯು ಬಿಗಿ ಹಿಡಿದಿದ್ದರೆ ಅಳತೆ ಕೆಟ್ಟಿತು.

ನಾನು ಎಡವಿದ್ದು ಈ ಹಂತ ದಾಟಿದ ಮೇಲೆ. ಮೊದಲ ವಾರ ಪ್ರತಿಯೊಬ್ಬರನ್ನೂ ಮೂರು ಸಲ ಅಳೆದೆ. ಫೇಸ್ 14.1, 14.1, 14.0 ಡಿಗ್ರಿ. ಆಹಾ, ಎಂಥ ಯಂತ್ರ! ಪುಟ ತುಂಬಾ ಇದೇ ಥರ. ನಮ್ಮ ಮೇಡಂ ಹತ್ತಿರ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಮೇಲಕ್ಕೆ ಏರಿಸಿ ಒಂದೇ ಪ್ರಶ್ನೆ ಕೇಳಿದರು: "ಪ್ರತಿ ಸಲ ಸ್ಟಿಕ್ಕರ್ ಕಿತ್ತು ಮತ್ತೆ ಅಂಟಿಸಿದ್ಯೇನಮ್ಮ?"

ಇಲ್ಲ. ಮೂರು ಸಲ ಗುಂಡಿ ಒತ್ತಿದ್ದೆ, ಅಷ್ಟೇ. ಅದರಿಂದ ಗೊತ್ತಾಗಿದ್ದು ಯಂತ್ರ ಒಂದು ನಿಮಿಷದಲ್ಲಿ ಮನಸ್ಸು ಬದಲಿಸುವುದಿಲ್ಲ ಅನ್ನುವುದು ಮಾತ್ರ. ಪರೀಕ್ಷೆ ಅಂದರೆ ಯಂತ್ರ ಒಂದೇ ಅಲ್ಲ. ಜಾಗ ಹುಡುಕುವ ಬೆರಳು, ಟೇಪ್, ಸ್ಟಿಕ್ಕರ್, ಎಲ್ಲ ಸೇರಿದ್ದೇ ಪರೀಕ್ಷೆ.

ಹಾಗಾಗಿ ಎರಡನೇ ವಾರದಿಂದ ಒಂದು ಅಳತೆ ಆದ ಕೂಡಲೇ ಎಲ್ಲ ಕಿತ್ತು, ಚುಕ್ಕಿಯನ್ನೂ ಒರೆಸಿ, ಟೇಪ್‌ನಿಂದಲೇ ಮತ್ತೆ ಶುರು. ಅದೇ ವ್ಯಕ್ತಿಗೆ 14.1, 13.5, 14.6 ಬಂತು. ಬೇಜಾರಾಯಿತು, ಆದರೆ ನಿಜ ಬಂತು. ಆಮೇಲೆ ನನ್ನ ಸಹೋದ್ಯೋಗಿ ಅಳೆದಳು, ನನ್ನ ಹಾಳೆ ನೋಡದೆ. ಒಂದು ವಾರ ಬಿಟ್ಟು ಎಲ್ಲರನ್ನೂ ಮತ್ತೆ ಕರೆಸಿ ಇನ್ನೊಮ್ಮೆ. ಹೀಗೆ ಒಬ್ಬರೇ ಎರಡು ಸಲ, ಇಬ್ಬರು ಬೇರೆ ಬೇರೆ, ಬೇರೆ ದಿನ, ಈ ಮೂರೂ ಆಗಲೇಬೇಕು.

ಲೆಕ್ಕದಲ್ಲಿ ಒಂದು ಬೋನು ಇದೆ. ಇಬ್ಬರ ಅಂಕಿಗಳ ನಡುವೆ ಕೋರಿಲೇಷನ್ ತೆಗೆದು 0.95 ಬಂತು ಅಂತ ಕುಣಿಯಬೇಡಿ. ನನ್ನ ಸಹೋದ್ಯೋಗಿ ಪ್ರತಿಯೊಬ್ಬರಲ್ಲೂ ನನಗಿಂತ ಸರಿಯಾಗಿ ಎರಡು ಡಿಗ್ರಿ ಕಡಿಮೆ ಅಳೆದಿದ್ದರೂ ಕೋರಿಲೇಷನ್ ಪೂರ್ತಿ 1 ಬರುತ್ತದೆ. ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು ಬೇರೆ, ಒಂದೇ ಮಾತು ಹೇಳುವುದು ಬೇರೆ. ಬ್ಲಾಂಡ್ ಮತ್ತು ಆಲ್ಟ್‌ಮನ್ ಅನ್ನುವ ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಇದನ್ನೇ ಹೇಳಿ ಒಂದು ಸುಲಭ ದಾರಿ ತೋರಿಸಿದರು. ಇಬ್ಬರ ಅಳತೆಯ ಸರಾಸರಿ ಅಡ್ಡಕ್ಕೆ, ವ್ಯತ್ಯಾಸ ಉದ್ದಕ್ಕೆ ಹಾಕಿ ಚುಕ್ಕಿ ಇಡಿ. ಚುಕ್ಕಿಗಳು ಸೊನ್ನೆಯ ಎರಡೂ ಪಕ್ಕ ಹರಡಿವೆಯಾ, ಇಲ್ಲಾ ಒಂದೇ ಕಡೆ ಜಾರಿವೆಯಾ ಅಂತ ಕಣ್ಣಿಗೇ ಕಾಣುತ್ತದೆ. ನಮ್ಮದು ಜಾರಿತ್ತು. ಕಾರಣ ಹುಡುಕಿದರೆ, ಅವಳು ಟೇಪನ್ನು ಮಂಡಿಚಿಪ್ಪಿನ ನಡುವಿನಿಂದ ಹಿಡಿಯುತ್ತಿದ್ದಳು. ಅಷ್ಟೇ ವಿಷಯ!

ಈ ಹರಡುವಿಕೆ ಎಷ್ಟು ಅನ್ನುವುದು ಯಾಕೆ ಮುಖ್ಯ ಅಂದರೆ, ಕಾಯಿಲೆಯಿಂದ ಆಗುವ ಬದಲಾವಣೆ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ನಿಮಗೆ ಕಾಣುತ್ತದೆ. ನಿಮ್ಮ ಕೈತಪ್ಪೇ ಒಂದು ಡಿಗ್ರಿ ಇದ್ದರೆ, ರೋಗಿಯಲ್ಲಿ ಅರ್ಧ ಡಿಗ್ರಿ ಇಳಿದಿದೆ ಅನ್ನುವ ಹಕ್ಕು ನಿಮಗಿಲ್ಲ.

ಇಷ್ಟು ಗಟ್ಟಿಯಾದ ಮೇಲೆ ರೋಗಿಗಳು. ಅಳೆಯುವವರಿಗೆ ಯಾರಿಗೆ ಏನು ಕಾಯಿಲೆ ಅಂತ ಗೊತ್ತಿರಬಾರದು. ನಡೆದುಬರುವ ರೀತಿಯಲ್ಲೇ ಗೊತ್ತಾಗಿಬಿಡುತ್ತದೆ, ಅದಕ್ಕೇ ನಾನು ಅವರು ಮಲಗಿದ ಮೇಲೆ ಕೋಣೆಗೆ ಬರುತ್ತೇನೆ. ಸೂಜಿ ಪರೀಕ್ಷೆಯೂ ಅದೇ ದಿನ ಇದ್ದರೆ ಇಂಪೀಡೆನ್ಸ್ ಮೊದಲು, ಸೂಜಿ ಆಮೇಲೆ. ಚುಚ್ಚಿದ ಜಾಗದಲ್ಲಿ ಚೂರು ರಕ್ತ, ಬಾವು ಬಂದರೆ ಅಂಕಿಯೂ ಬದಲಾದೀತು. ಚರ್ಮದ ಕೆಳಗಿನ ಕೊಬ್ಬಿನ ದಪ್ಪವನ್ನು ಅಲ್ಟ್ರಾಸೌಂಡ್‌ನಲ್ಲೋ ಚಿಮುಟದಂಥ ಕ್ಯಾಲಿಪರ್‌ನಲ್ಲೋ ಅಳೆದು ಬರೆದಿಡಿ. ಇಲ್ಲದಿದ್ದರೆ ದಪ್ಪಗಿನ ಆರೋಗ್ಯವಂತರೂ ತೆಳ್ಳಗಿನ ರೋಗಿಯೂ ಒಂದೇ ಥರ ಕಂಡಾರು. ಹೋಲಿಸುವಾಗ ಅದೇ ವಯಸ್ಸಿನವರ ಜೊತೆಗೇ ಹೋಲಿಸಿ.

ಇದು ಮಾಡಲಾಗದ್ದೂ ಇದೆ, ಅದನ್ನು ಮುಚ್ಚಿಡಬೇಡಿ. ಈ ಯಂತ್ರ ನರವನ್ನು ನೇರವಾಗಿ ನೋಡುವುದಿಲ್ಲ. ನರ ಕೆಟ್ಟು ಸ್ನಾಯು ಸೊರಗಿದ ಮೇಲೆ ಆ ಸೊರಗಿದ್ದನ್ನು ನೋಡುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿ ಬೆರಳು ಜೋಮು ಹಿಡಿಯುವವರಿಗೆ, ಸ್ನಾಯು ಇನ್ನೂ ಚೆನ್ನಾಗಿರುವಾಗ, ಇದರಿಂದ ಉಪಯೋಗ ಇಲ್ಲ. ಅವರಿಗೆ ನನ್ನ ಹಳೇ ಶಾಕ್ ಪೆಟ್ಟಿಗೆಯೇ ಗತಿ. ಅಂಕಿ ಇಳಿದರೂ ಕಾಯಿಲೆಯ ಹೆಸರು ಅದು ಹೇಳುವುದಿಲ್ಲ. ಇದಾಯಿತಲ್ಲ, ಸೂಜಿ ಬೇಡ ಅಂತ ಯಾರಾದರೂ ಕೇಳಿದರೆ, ಸೂಜಿ ಬೇಕೋ ಬೇಡವೋ ಡಾಕ್ಟರೇ ಹೇಳಬೇಕು ಅನ್ನಿ. ನನ್ನ ಕಣ್ಣಿಗೆ ಇದರ ನಿಜವಾದ ಉಪಯೋಗ, ಕಾಯಿಲೆ ಗೊತ್ತಾದವರನ್ನು ತಿಂಗಳು ತಿಂಗಳು ಅಳೆದು, ಔಷಧಿ ಕೆಲಸ ಮಾಡುತ್ತಿದೆಯಾ ಅಂತ ನೋಡುವುದರಲ್ಲಿದೆ. ಪ್ರತಿ ತಿಂಗಳು ಸೂಜಿ ಚುಚ್ಚಿಸಿಕೊಳ್ಳಲು ಯಾರು ಬರುತ್ತಾರೆ ಹೇಳಿ?

ಮಕ್ಕಳಂತೂ ಬರುವುದೇ ಇಲ್ಲ. ಒಂಬತ್ತು ವರ್ಷದ ಹುಡುಗನೊಬ್ಬ ಬಂದಿದ್ದ. ಹಿಂದೆ ಒಮ್ಮೆ ಸೂಜಿ ಪರೀಕ್ಷೆ ಆಗಿತ್ತು ಅವನಿಗೆ. ನಾಲ್ಕು ಸ್ಟಿಕ್ಕರ್ ಅಂಟಿಸುವವರೆಗೂ ಅಮ್ಮನ ಸೆರಗು ಬಿಡಲಿಲ್ಲ. ಅಳತೆ ಮುಗಿಯಿತು ಅಂದೆ. "ಆಂಟಿ, ಸುಳ್ಳು. ಸೂಜಿ ಎಲ್ಲಿ ಬಚ್ಚಿಟ್ಟಿದ್ದೀರಾ?" ಅಂದ. ಡ್ರಾಯರ್ ಎಲ್ಲ ತೆಗೆದು ತೋರಿಸಿದೆ. ಆಮೇಲೆ ಸ್ಟಿಕ್ಕರ್ ಕಿತ್ತೆ. ಆಗ ಕಿರುಚಿದ, ಕಾಲಿನ ಕೂದಲು ಎಳೆಯಿತು ಅಂತ. ಈಗ ಒದ್ದೆ ಹತ್ತಿಯಿಂದ ಅಂಚು ನೆನೆಸಿ, ಕೂದಲು ಬೆಳೆದ ದಿಕ್ಕಿಗೇ ನಿಧಾನವಾಗಿ ಬಿಡಿಸುತ್ತೇನೆ. ನೀವೂ ಹಾಗೇ ಮಾಡಿ. ಎರಡನೇ ಸಲ ಅಂಟಿಸುವುದು ಬಾಕಿ ಇರುತ್ತದಲ್ಲ.