ಬ್ಲಾಗ್ ಬರಹ ಮನೆ ಬಾಗಿಲಿಗೇ: ಫೀಡ್ ರೀಡರ್ ಹೊಂದಿಸುವುದು ಹೀಗೆ

ಕೊಪ್ಪಳದಲ್ಲಿ ನಮ್ಮ ಓಣಿಯ ನಿವೃತ್ತ ಮಾಸ್ತರರಿಗೆ ಶಾಸನಗಳ ಹುಚ್ಚು. ಗವಿಮಠದ ಬಂಡೆಯಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಾಲದ ಬರಹ ಇರುವ ಊರಲ್ಲಿ ಇದು ಸಹಜ ಬಿಡಿ. ಶಾಸನದ ಬಗ್ಗೆ ಬರೆಯುವ ಹದಿನೈದು ಬ್ಲಾಗ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಒಂದೊಂದನ್ನೇ ತೆರೆದು ನೋಡುವುದು, ಹೊಸದೇನೂ ಇಲ್ಲದಿದ್ದರೆ ಮುಚ್ಚುವುದು. ಅರ್ಧ ತಾಸು ಅದಕ್ಕೇ ಹೋಗುತ್ತಿತ್ತು. ಒಂದು ಭಾನುವಾರ ಅವರಿಗೆ ಫೀಡ್ ರೀಡರ್ ಹಾಕಿಕೊಟ್ಟೆ.

ಹೆಚ್ಚಿನ ಬ್ಲಾಗ್‌ಗಳು ಹೊಸ ಬರಹಗಳ ಪಟ್ಟಿಯೊಂದನ್ನು ತಾವಾಗಿಯೇ ತಯಾರಿಸಿ ಇಟ್ಟಿರುತ್ತವೆ. ಅದೇ ಫೀಡ್. ಇಂಥ ಪಟ್ಟಿ ಬರೆಯುವ ಒಂದು ವಿಧಾನಕ್ಕೆ ಆರ್‌ಎಸ್‌ಎಸ್ ಎಂದು ಹೆಸರು, 1999ರಿಂದಲೂ ಇದೆ. ರೀಡರ್ ಆಗಾಗ ಹೋಗಿ ಆ ಪಟ್ಟಿ ನೋಡಿಕೊಂಡು ಬರುತ್ತದೆ, ಹೊಸದಿದ್ದರೆ ನಿಮ್ಮ ಮುಂದೆ ಇಡುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಫೇಸ್‌ಬುಕ್ ಥರ ಬೇರೆ ಯಾರೋ ತೀರ್ಮಾನಿಸುವುದಿಲ್ಲ. ನನಗೆ ಇಷ್ಟವಾದದ್ದೇ ಅದು.

ಮೊದಲು ಖಾತೆ. ಫೀಡ್ಲಿ, ಐನೋರೀಡರ್ ಎಂಬ ರೀಡರ್‌ಗಳು ಎರಡೂ ಬ್ರೌಸರ್‌ನಲ್ಲೇ ನಡೆಯುತ್ತವೆ. ಇಮೇಲ್ ಕೊಟ್ಟರೆ ಉಚಿತ ಖಾತೆ ಸಿಗುತ್ತದೆ. ಎಷ್ಟು ಫೀಡ್ ಸೇರಿಸಬಹುದು ಅನ್ನುವುದಕ್ಕೆ ಮಿತಿ ಇದೆ, ಆದರೆ ಮಾಸ್ತರರಂಥವರಿಗೆ ಅದು ಧಾರಾಳ.

ಆಮೇಲೆ ಬ್ಲಾಗ್ ಸೇರಿಸುವುದು. ಕೂಡಿಸುವ ಗುರುತು ಒತ್ತಿ, ಹುಡುಕುವ ಜಾಗದಲ್ಲಿ ಬ್ಲಾಗಿನ ವಿಳಾಸ ಅಂಟಿಸಿ. ಸಾಮಾನ್ಯವಾಗಿ ರೀಡರ್ ಫೀಡನ್ನು ತಾನೇ ಪತ್ತೆ ಮಾಡುತ್ತದೆ. ಸಿಗದಿದ್ದರೆ ಗಾಬರಿ ಬೇಡ. ವರ್ಡ್‌ಪ್ರೆಸ್ ಬ್ಲಾಗ್ ಆದರೆ ವಿಳಾಸದ ಕೊನೆಗೆ ಒಂದು ಓರೆಗೆರೆ (/) ಹಾಕಿ, 'ಫೀಡ್' ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಸೇರಿಸಿ. ಬ್ಲಾಗ್‌ಸ್ಪಾಟ್ ಆದರೆ 'ಫೀಡ್ಸ್', 'ಪೋಸ್ಟ್ಸ್', 'ಡೀಫಾಲ್ಟ್' ಎಂಬ ಮೂರು ಪದ, ಪ್ರತಿಯೊಂದಕ್ಕೂ ಮೊದಲು ಒಂದು ಓರೆಗೆರೆ. ಮಾಸ್ತರರ ಒಂದು ಬ್ಲಾಗ್ ಎಷ್ಟು ಮಾಡಿದರೂ ಸಿಗಲಿಲ್ಲ. ನೋಡಿದರೆ 'ಫೀಡ್ಸ್' ಎಂಬುದರ ಕೊನೆಯ ಒಂದು ಅಕ್ಷರವನ್ನು ನಾನೇ ಬಿಟ್ಟಿದ್ದೆ. ಕನ್ನಡಕ ಹಾಕಿಕೊಂಡು ಅದನ್ನು ಹಿಡಿದವರು ಅವರು! ಶಾಸನ ಓದಿದ ಕಣ್ಣು, ಅಲ್ವಾ.

ಮೂರನೆಯದು ಫೋಲ್ಡರ್. ಶಾಸನ, ಬೇಸಾಯ, ಅಡುಗೆ ಎಂದು ಎರಡು ಮೂರು ಸಾಕು. ಜಾಸ್ತಿ ಮಾಡಿದರೆ ಯಾವುದನ್ನು ಎಲ್ಲಿಟ್ಟೆ ಅನ್ನುವುದೇ ಮರೆತುಹೋಗುತ್ತದೆ.

ಇನ್ನು ನಾನು ಮಾಡಿದ ತಪ್ಪು. ನನ್ನ ರೀಡರ್‌ಗೆ ಸುಮ್ನೆ ಎರಡು ಸುದ್ದಿ ತಾಣಗಳ ಫೀಡ್ ಕೂಡ ಸೇರಿಸಿದ್ದೆ. ಸಂಜೆಯೊಳಗೆ ಓದದ ಬರಹಗಳು ನೂರಾರು. ತಿಂಗಳಿಗೊಮ್ಮೆ ಬರೆಯುವ ಬ್ಲಾಗನ್ನು ಅದರಲ್ಲಿ ಹುಡುಕುವುದು ನೆಲ್ಲಿನ ರಾಶಿಯಲ್ಲಿ ಎಳ್ಳು ಹುಡುಕಿದ ಹಾಗಾಯಿತು. ನಿಧಾನವಾಗಿ ಬರೆಯುವವರಿಗೇ ರೀಡರ್ ಮೀಸಲಿಡಿ. ಬಾಕಿ ಬಿದ್ದದ್ದು ಕಂಡು ಕಿರಿಕಿರಿ ಆದರೆ ಎಲ್ಲವನ್ನೂ 'ಓದಿದೆ' ಎಂದು ಗುರುತಿಸುವ ಗುಂಡಿ ಇದೆ. ಒತ್ತಿಬಿಡಿ, ಯಾರೂ ಕೇಳುವುದಿಲ್ಲ.

ಕೆಲವು ಬ್ಲಾಗ್‌ಗಳು ಫೀಡ್‌ನಲ್ಲಿ ಮೊದಲ ನಾಲ್ಕು ಸಾಲು ಮಾತ್ರ ಕೊಡುತ್ತವೆ. ಉಳಿದದ್ದಕ್ಕೆ ತಲೆಬರಹ ಒತ್ತಿ ಬ್ಲಾಗಿಗೇ ಹೋಗಬೇಕು.

ಕೊನೆಗೊಂದು ಕೆಲಸ, ಇದನ್ನು ಮಾತ್ರ ಬಿಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಓಪಿಎಂಎಲ್ ಎಂಬ ಕಡತ ಇಳಿಸಿಕೊಳ್ಳುವ ಸೌಲಭ್ಯ ಹುಡುಕಿ. ನೀವು ಸೇರಿಸಿದ ಎಲ್ಲ ಬ್ಲಾಗ್‌ಗಳ ಪಟ್ಟಿ ಅದರಲ್ಲಿರುತ್ತದೆ. 2005ರಲ್ಲಿ ಶುರುವಾದ ಗೂಗಲ್ ರೀಡರ್ ಬಹಳ ಜನಕ್ಕೆ ಅಚ್ಚುಮೆಚ್ಚಾಗಿತ್ತು. 2013ರ ಜುಲೈನಲ್ಲಿ ಗೂಗಲ್ ಅದನ್ನು ಮುಚ್ಚಿತು. ಪಟ್ಟಿ ಇಳಿಸಿಕೊಂಡವರು ಬೇರೆ ರೀಡರ್‌ಗೆ ಐದು ನಿಮಿಷದಲ್ಲಿ ಹೋದರು. ಈ ಕಡತವನ್ನು ನಿಮ್ಮ ಇಮೇಲ್‌ಗೇ ಒಂದು ಪ್ರತಿ ಕಳಿಸಿಟ್ಟುಕೊಳ್ಳಿ.

ಮರುದಿನ ಬೆಳಿಗ್ಗೆ ಮಾಸ್ತರರ ರೀಡರ್‌ನಲ್ಲಿ ಎರಡೇ ಹೊಸ ಬರಹ ಇದ್ದವು. ಒಂದು ಮಸ್ಕಿಯದು, 1915ರಲ್ಲಿ ಸಿಕ್ಕಿದ, ಅಶೋಕನ ಹೆಸರೇ ಇರುವ ಆ ಶಾಸನದ ಬಗ್ಗೆ. "ಹದಿನೈದು ಬಾಗಿಲು ಬಡಿಯೋದು ತಪ್ಪಿತು ನೋಡ್ರಿ" ಎಂದು ಫೋನ್ ಮಾಡಿದರು. ನೋಟ್‌ಬುಕ್ ಮಾತ್ರ ಇನ್ನೂ ಎಸೆದಿಲ್ಲ.