ಶಿಂಷಾಕ್ಕೆ ಸ್ವಾಟ್ ಕೂರಿಸಿದ್ದು ಹೀಗೆ

"ಕೆರೆಗಳ ಸೀಮೆ ಸಾರ್ ಅದು, ಅಲ್ಲಿ ಸ್ವಾಟ್ ಕೂರಲ್ಲ" ಅಂತ ಮೂವರು ಹೇಳಿದ್ದರು. ಸ್ವಾಟ್ ಅಂದರೆ ಮಳೆ, ಮಣ್ಣು, ಬೆಳೆಯ ಲೆಕ್ಕ ಹಿಡಿದು ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತದೆಂದು ಅಂದಾಜಿಸುವ ಕಂಪ್ಯೂಟರ್ ಮಾಡೆಲ್; ನಾನು ಕೂರಿಸಹೊರಟಿದ್ದು ತುಮಕೂರು, ಮಂಡ್ಯ ಸೀಮೆಯ ಶಿಂಷಾ ಹೊಳೆಗೆ. ಒಬ್ಬರಂತೂ ನನ್ನ ಮೊದಲ ಗ್ರಾಫ್ ನೋಡಿ ನಕ್ಕೇಬಿಟ್ಟರು. ಈಗ ಹೊಳೆಯ ಹರಿವು ಅಳೆಯುವ ತೊರೆಕಾಡನಹಳ್ಳಿ ಗೇಜಿನಲ್ಲಿ ತಿಂಗಳ ಎನ್‌ಎಸ್‌ಇ (ಮಾಡೆಲಿನ ಹರಿವು ಅಳತೆಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕ, 1 ಆದರೆ ಪೂರ್ತಿ ಹೊಂದಿಕೆ) ಸುಮಾರು 0.7, ದಿನದ್ದು 0.55ರ ಆಸುಪಾಸು. ಶುರುವಿನಲ್ಲಿ ತಿಂಗಳದ್ದೇ 0.3 ದಾಟುತ್ತಿರಲಿಲ್ಲ.

ಒಂದೂವರೆ ವರ್ಷ ಕಳೆದದ್ದು ಮಾಡೆಲಿನ ಅಂಕಿಗಳನ್ನು ತಿರುವಿ ಹೊಂದಿಸುವ ಸುಫಿ-2 ವಿಧಾನದ ಜೊತೆ ಗುದ್ದಾಡುವುದರಲ್ಲೇ. ಮಳೆಯಲ್ಲಿ ಎಷ್ಟು ಹರಿದು ಹೋಗುತ್ತದೆಂದು ಹೇಳುವ ಕರ್ವ್ ನಂಬರನ್ನು ಶೇ 25ರಷ್ಟು ಇಳಿಸಿದೆ, ಮಣ್ಣಿನಿಂದ ನೀರು ಆವಿಯಾಗುವುದನ್ನು ತಿದ್ದುವ ಎಸ್ಕೋವನ್ನು ಅದರ ಮಿತಿಯ ಅಂಚಿಗೆ ತಳ್ಳಿದೆ. ಬಾಡಿಗೆ ಸರ್ವರಿಗೆ ನಲವತ್ತು ಸಾವಿರದಷ್ಟು ಹೋಯಿತು. ದುಡ್ಡು ಕೊಟ್ಟು ತರಿಸಿದ ಉಪಗ್ರಹ ಚಿತ್ರಕ್ಕೆ ಇನ್ನೊಂದು ಮೂವತ್ತು. ಕೊನೆಗೆ ಪುಕ್ಕಟೆ ಸಿಗುವ ಸೆಂಟಿನೆಲ್ ಉಪಗ್ರಹದ ಚಿತ್ರವೇ ಸಾಕಾಯಿತು, ಅದನ್ನು ಮನೆಯಲ್ಲಿ ಹೇಳಿಲ್ಲ. ಆದರೂ ರೋಗ ಮಾತ್ರ ಹಾಗೇ ಇತ್ತು: ಮೇ, ಜೂನ್ ಮಳೆಗೇ ಮಾಡೆಲ್ ಹೊಳೆ ಹರಿಸುತ್ತಿತ್ತು, ಗೇಜಿನಲ್ಲಿ ಏನೂ ಇಲ್ಲ. ಬೇಸಿಗೆಯಲ್ಲಿ ಮಾಡೆಲ್ ಒಣಗುತ್ತಿತ್ತು, ಗೇಜಿನಲ್ಲಿ ನೀರು!

ಕುಣಿಗಲ್ ಕಡೆಯ ಒಂದು ಕೆರೆ ಏರಿಯ ಮೇಲೆ ನೀರುಗಂಟಿಯೊಬ್ಬರು ಕೇಳಿದರು: "ನಿಮ್ಮ ಕಂಪ್ಯೂಟರ್‌ನಾಗೆ ನಮ್ಮ ಕೆರೆ ಐತಾ ಸ್ವಾಮಿ?" ಇರಲಿಲ್ಲ. ದೊಡ್ಡದೆಂದು ಮಾರ್ಕೋನಹಳ್ಳಿ ಜಲಾಶಯವೊಂದನ್ನು ಹಾಕಿದ್ದೆ. ಅದು ಸುಲಭ, ತುಂಬಿದರೆ ಸೈಫನ್ ತಾನೇ ಬಿಡುತ್ತದೆ. ಉಳಿದ ಸಣ್ಣಪುಟ್ಟ ಕೆರೆಗಳು ಮುಂಗಾರಿನ ನೀರನ್ನೆಲ್ಲ ಹಿಡಿದುಕೊಂಡು, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಂದರ ಹಿಂದೊಂದು ಕೋಡಿ ಬೀಳುತ್ತವೆ. ಅವನ್ನು ಉಪಜಲಾನಯನಕ್ಕೊಂದರಂತೆ ಒಟ್ಟುಗೂಡಿಸಿ ಸ್ವಾಟಿನಲ್ಲಿ ಕೆರೆಗಳಿಗೆಂದೇ ಇರುವ ಪಾಂಡ್ ಫೈಲಿನಲ್ಲಿ ಹಾಕಿದೆ. ಸಾಮರ್ಥ್ಯಕ್ಕೆ ಹಳೆಯ ಕಾಗದದ ಲೆಕ್ಕ ತೆಗೆದುಕೊಳ್ಳಬೇಡಿ, ಹೂಳು ಕಳೆಯಿರಿ. ಎಷ್ಟು ಕಳೆಯಬೇಕು ಅನ್ನುವುದಕ್ಕೆ ನನ್ನದೊಂದು ಸೂತ್ರವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈ ಒಂದು ಬದಲಾವಣೆಗೇ ಎನ್‌ಎಸ್‌ಇ 0.5 ದಾಟಿತು.

ಬೇಸಿಗೆ ನೀರಿನ ಗುಟ್ಟು ಮದ್ದೂರಿನ ಗದ್ದೆಗಳಲ್ಲಿತ್ತು. ಅದು ಶಿಂಷಾದ ನೀರೇ ಅಲ್ಲ, ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದ ಕಾವೇರಿ. ಭತ್ತ, ಕಬ್ಬಿಗೆ ಹಾಯಿಸಿ ಬಸಿದದ್ದು ಹಳ್ಳ ಹಿಡಿದು ಹೊಳೆ ಸೇರುತ್ತದೆ. ನಾಲೆಗೆ ಬಿಟ್ಟ ನೀರಿನಲ್ಲಿ ಐದನೇ ಒಂದು ಪಾಲಿನಷ್ಟನ್ನು, ಕೆಲವು ವಾರ ತಡಮಾಡಿ, ಪಾಯಿಂಟ್ ಸೋರ್ಸ್ (ಒಂದು ಜಾಗದಲ್ಲಿ ಹೊರಗಿನಿಂದ ಹೊಳೆಗೆ ಬೀಳುವ ನೀರು) ಆಗಿ ಸೇರಿಸಿದೆ. "ಗೇಜಿನ ಉತ್ತರವನ್ನೇ ಮಾಡೆಲಿಗೆ ತಿನ್ನಿಸಿದ್ದೀರಿ" ಅಂದರು ಕೆಲವರು. ಇಲ್ಲ, ಆ ಅಂಕಿ ಬರುವುದು ನಾಲೆಯ ತೂಬಿನಿಂದ, ಗೇಜಿನಿಂದಲ್ಲ. ತುಮಕೂರು ಕಡೆ ಮಾತ್ರ ಬೋರ್‌ವೆಲ್‌ಗಳಿಗಾಗಿ ಆಳದ ಅಂತರ್ಜಲದಿಂದ ನೀರಾವರಿ ಕೊಟ್ಟೆ, ತಳಹರಿವನ್ನೂ (ಅಂತರ್ಜಲದಿಂದ ಹೊಳೆಗೆ ಒಸರುವ ನೀರನ್ನು) ಕೊಂದೆ.

ನಡುವೆ ಹಳೆಯ ಅಂಕಿಗಳಿಂದ ತಾನೇ ಕಲಿಯುವ ಎಲ್‌ಎಸ್‌ಟಿಎಂ ಎಂಬ ನ್ಯೂರಲ್ ನೆಟ್‌ವರ್ಕಿನ ಹುಚ್ಚೂ ಹಿಡಿದಿತ್ತು. ಸ್ವಾಟ್ ಉಳಿಸಿದ ದೋಷವನ್ನಷ್ಟೇ ಅದಕ್ಕೆ ಕಲಿಸಿದೆ. ಮಾಡೆಲ್ ಹೊಂದಿಸಿದ (ಕ್ಯಾಲಿಬ್ರೇಷನ್) ವರ್ಷಗಳಲ್ಲಿ ಎನ್‌ಎಸ್‌ಇ 0.9, ಬರದ ವರ್ಷ ಕೊಟ್ಟರೆ ಋಣಾತ್ಮಕ ಹರಿವು! ಎರಡು ತಿಂಗಳು ದಂಡ.

ಇನ್ನೂ ಸೋತಿರುವುದು ನೆರೆಯಲ್ಲಿ. 2022ರ ಸೆಪ್ಟೆಂಬರಿನಲ್ಲಿ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿದ ಆ ವಾರ ನನ್ನ ಮಾಡೆಲ್ ಅರ್ಧದಷ್ಟೂ ತೋರಿಸಲಿಲ್ಲ. ಸ್ವಾಟಿನ ಕೆರೆ ಕೋಡಿ ಬೀಳುತ್ತದೆ, ಏರಿ ಒಡೆಯುವುದಿಲ್ಲ. ಸದ್ಯ ಮಾಡೆಲಿನಲ್ಲಿ ಒಡೆಸಿ ನೋಡುತ್ತಿದ್ದೇನೆ.