ಮನೆಯಲ್ಲಿ ಸುಮ್ನೆ ಬಿದ್ದಿರುವ ಅಪ್‌ಲೋಡನ್ನು ಯಕ್ಷಗಾನ ಸೈಟಿಗೆ ಕೊಡುವುದು ಹೇಗೆ

ಪತ್ತನಾಜೆ (ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಉಡುಪಿ, ಮಂಗಳೂರಿನ ಯಕ್ಷಗಾನ ಆಟದ ಹುಚ್ಚಿನವರಿಗೆ ಉಳಿಯುವುದು ಹಳೆಯ ರೆಕಾರ್ಡಿಂಗ್‌ಗಳೇ. ಅವನ್ನು ಸೈಟಿನಲ್ಲಿ ಹಾಕಿಡುವವರು ಹೆಚ್ಚಾಗಿ ಒಬ್ಬಿಬ್ಬರು, ಅದೂ ಕೈಯಿಂದ ದುಡ್ಡು ಹಾಕಿ. ಇಡೀ ರಾತ್ರಿಯ ಆಟ ಎಂಟು ಗಂಟೆ ಅಂದುಕೊಳ್ಳಿ, 128 ಕೆಬಿಪಿಎಸ್ ಎಂಪಿ3 ಮಾಡಿದರೂ ಸುಮಾರು 460 ಎಂಬಿ. ಲಿಂಕು ವಾಟ್ಸಾಪ್‌ನಲ್ಲಿ ಮುಂಬಯಿ, ದುಬೈ ಸುತ್ತಿ 200 ಜನ ಇಳಿಸಿಕೊಂಡರೆ 92 ಜಿಬಿ ಆಯಿತು, ಸಣ್ಣ ಹೋಸ್ಟಿಂಗ್ ಪ್ಲಾನಾದರೆ ತಿಂಗಳ ಡೇಟಾ ಅಲ್ಲಿಗೇ ಖಾಲಿಯಾಗಬಹುದು. ಇತ್ತ ನಿಮ್ಮ ಮನೆಯ ಫೈಬರಿನ ಅಪ್‌ಲೋಡನ್ನು, ಅಂದರೆ ಹೊರಗೆ ಕಳಿಸುವ ಸಾಮರ್ಥ್ಯವನ್ನು, ದಿನದ ಹೆಚ್ಚಿನ ಹೊತ್ತು ಕೇಳುವವರೇ ಇಲ್ಲ.

ಇವೆರಡನ್ನು ಸೇರಿಸುವ ಸುಲಭ ದಾರಿ ಟೊರೆಂಟ್, ಅಂದರೆ ಫೈಲನ್ನು ಒಬ್ಬರಿಂದೊಬ್ಬರು ನೇರ ಪಡೆಯುವ ವಿಧಾನ. ಹೆಸರು ಕೇಳಿದ ಕೂಡಲೇ ಕದ್ದ ಸಿನಿಮಾ ಎಂದು ಮೂಗು ಮುರಿಯಬೇಡಿ. ಬ್ರಾಮ್ ಕೋಹೆನ್ 2001ರಲ್ಲಿ ಇದನ್ನು ತಂದದ್ದೇ ದೊಡ್ಡ ಫೈಲಿನ ಹೊರೆ ಒಂದೇ ಸರ್ವರ್ ಮೇಲೆ ಬೀಳಬಾರದು ಎಂದು. ಡೆಬಿಯನ್, ಉಬುಂಟು ಲಿನಕ್ಸ್‌ಗಳು ಹೀಗೂ ಸಿಗುತ್ತವೆ, ಇಂಟರ್ನೆಟ್ ಆರ್ಕೈವ್ 2012ರಿಂದ ತನ್ನ ಸಂಗ್ರಹಕ್ಕೆ ಟೊರೆಂಟ್ ಕೊಡುತ್ತಿದೆ. ಫೈಲನ್ನು ತುಂಡು ತುಂಡು ಮಾಡಿ ಲೆಕ್ಕವಿಡುತ್ತಾರೆ. ಯಾವ ತುಂಡು ಯಾರ ಹತ್ತಿರ ಇದ್ದರೂ ಅಲ್ಲಿಂದ ಬರುತ್ತದೆ, ಪ್ರತಿ ತುಂಡಿಗೂ ಹ್ಯಾಶ್ (ಒಳಗಿನ ಡೇಟಾದಿಂದಲೇ ಲೆಕ್ಕ ಹಾಕಿದ ಗುರುತು) ಇರುವುದರಿಂದ ನಡುವೆ ಯಾರೋ ಕೆಟ್ಟ ತುಂಡು ಕೊಟ್ಟರೆ ಅದು ಬಿಸಾಡಿಹೋಗುತ್ತದೆ.

ಸೈಟಿನವರ ಕಡೆಯ ಕೆಲಸ ಸಣ್ಣದು. ಕ್ಯೂಬಿಟ್‌ಟೊರೆಂಟ್ ಎಂಬ ತಂತ್ರಾಂಶದಲ್ಲಿ ಟೊರೆಂಟ್ ಫೈಲು ತಯಾರಿಸುವಾಗ ವೆಬ್ ಸೀಡ್ ಎಂಬ ಜಾಗದಲ್ಲಿ ಆ ಎಂಪಿ3 ಇರುವ ಸೈಟಿನ ವಿಳಾಸವನ್ನೇ ಹಾಕಲು ಹೇಳಿ. ಇದನ್ನು ಮಾತ್ರ ಬಿಡಬಾರದು. ಆಗ ಯಾರ ಕಂಪ್ಯೂಟರ್ ಆಫ್ ಆಗಿದ್ದರೂ ಫೈಲು ಸೈಟಿನಿಂದ ಬಂದೇ ಬರುತ್ತದೆ, ನಿಮ್ಮಂಥ ನಾಲ್ಕು ಜನ ಆನ್ ಇದ್ದರೆ ಸೈಟಿನ ಹೊರೆ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಹಾಗಂತ ಫೋನಿನಲ್ಲಿ ಸೈಟು ತೆರೆದು ನೇರ ಪ್ಲೇ ಒತ್ತುವವರಿಗೆ ಡೇಟಾ ಸೈಟಿನಿಂದಲೇ ಹೋಗುತ್ತದೆ. ಉಳಿತಾಯ ಏನಿದ್ದರೂ ಟೊರೆಂಟ್‌ನಲ್ಲಿ ಪೂರ್ತಿ ಇಳಿಸಿಕೊಳ್ಳುವವರಿಂದ.

ಈಗ ನಿಮ್ಮ ಕಡೆ. ಕ್ಯೂಬಿಟ್‌ಟೊರೆಂಟ್ ಹಾಕಿಕೊಳ್ಳಿ, ಉಚಿತ, ಜಾಹೀರಾತಿಲ್ಲ. ಟೊರೆಂಟ್ ಫೈಲನ್ನು ಆ ಸೈಟಿನಿಂದಲೇ ತೆಗೆದುಕೊಳ್ಳಿ, ಬೇರೆ ಎಲ್ಲೋ ಹುಡುಕಬೇಡಿ. ಎಂಪಿ3ಗಳು ನಿಮ್ಮ ಹತ್ತಿರ ಮೊದಲೇ ಇದ್ದರೆ ಮತ್ತೆ ಇಳಿಸುವ ಅಗತ್ಯ ಇಲ್ಲ. ಅದೇ ಹೆಸರಿನಲ್ಲಿ ಒಂದು ಫೋಲ್ಡರ್‌ನಲ್ಲಿಟ್ಟು, ಟೊರೆಂಟ್ ಸೇರಿಸುವಾಗ ಆ ಫೋಲ್ಡರ್ ತೋರಿಸಿ, ಆಮೇಲೆ ಬಲ ಕ್ಲಿಕ್ ಮಾಡಿ ಫೋರ್ಸ್ ರೀಚೆಕ್ ಒತ್ತಿ. ಹ್ಯಾಶ್ ತಾಳೆಯಾದರೆ ನೇರ ಸೀಡಿಂಗ್, ಅಂದರೆ ಬೇರೆಯವರಿಗೆ ಕೊಡುವುದು, ಶುರು. ಭಾಗವತರ ಹೆಸರು ಸೇರಿಸೋಣ ಎಂದು ಫೈಲಿನ ಟ್ಯಾಗ್ ತಿದ್ದಿದ್ದರೆ ಮಾತ್ರ ತಾಳೆಯಾಗುವುದಿಲ್ಲ, ಆ ತುಂಡುಗಳನ್ನು ಅದು ಮತ್ತೆ ಇಳಿಸುತ್ತದೆ. ನಿಮಗೆ ತಿದ್ದಿದ ಪ್ರತಿ ಬೇಕಿದ್ದರೆ ಬೇರೆ ಕಡೆ ಇಟ್ಟುಕೊಳ್ಳಿ.

ವೇಗದ ಮಿತಿಯನ್ನು ಮೊದಲ ದಿನವೇ ಹಾಕಿ. ಜನ ಉತ್ಸಾಹದಲ್ಲಿ ಪೂರ್ತಿ ಬಿಟ್ಟುಕೊಡುತ್ತಾರೆ, ಸಂಜೆ ಮಗಳ ವಿಡಿಯೋ ಕಾಲ್ ತುಂಡಾಗುತ್ತದೆ, ಮನೆಯವರು ಬೈಯುತ್ತಾರೆ, ಮರುದಿನ ಎಲ್ಲ ಬಂದ್. ಅಪ್‌ಲೋಡ್ ತುಂಬಿಹೋದರೆ ಡೌನ್‌ಲೋಡ್ ಕೂಡ ನಿಧಾನವಾಗುತ್ತದೆ, ಯಾಕೆಂದರೆ ಬಂದದ್ದು ತಲುಪಿತು ಎಂದು ನಿಮ್ಮ ಕಂಪ್ಯೂಟರ್ ವಾಪಸ್ ಕಳಿಸುವ ಪುಟ್ಟ ಉತ್ತರಗಳೂ ಅದೇ ಸಾಲಿನಲ್ಲಿ ಕಾಯಬೇಕು. ಹಾಗಾಗಿ ಕಡಿಮೆ ಕೊಡಿ, ಆದರೆ ನಿಲ್ಲಿಸಬೇಡಿ. ಒಂದು ಸಂಜೆ ಜೋರಾಗಿ ಕೊಟ್ಟು ಮಾಯವಾಗುವವರಿಗಿಂತ ವರ್ಷವಿಡೀ 1 ಎಂಬಿಪಿಎಸ್ ಕೊಡುವವರು ಸೈಟಿಗೆ ಜಾಸ್ತಿ ಉಪಯೋಗ. ಲೆಕ್ಕ ನೋಡಿ: 1 ಎಂಬಿಪಿಎಸ್ ಬಿಡದೆ ಹೋದರೆ ದಿನಕ್ಕೆ 10.8 ಜಿಬಿ, ಅಂದರೆ ಇಡೀ ರಾತ್ರಿಯ 23 ಆಟ. ಕಮ್ಮಿಯೇನಲ್ಲ, ಅಲ್ವಾ? ಹಾಕುವಾಗ ಒಂದು ಗೊಂದಲ ಬರುತ್ತದೆ. ಇಂಟರ್ನೆಟ್ ಕಂಪನಿಯ ಲೆಕ್ಕ ಮೆಗಾಬಿಟ್, ಕ್ಯೂಬಿಟ್‌ಟೊರೆಂಟ್ ಕೇಳುವುದು ಕಿಲೋಬೈಟ್. 1 ಎಂಬಿಪಿಎಸ್‌ಗೆ ಸುಮಾರು 120 ಎಂದು ಹಾಕಿದರೆ ಸರಿ, 5ಕ್ಕೆ 600. ಅದರಲ್ಲೇ ಪರ್ಯಾಯ ಮಿತಿ ಎಂದು ಇನ್ನೊಂದು ಇದೆ, ಅದಕ್ಕೆ ಗಂಟೆ ನಿಗದಿ ಮಾಡಬಹುದು. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಜಾಸ್ತಿ, ಉಳಿದ ಹೊತ್ತು ಕಡಿಮೆ.

ಅನ್‌ಲಿಮಿಟೆಡ್ ಎಂದು ಮಾರುವ ಎಷ್ಟೋ ಪ್ಲಾನುಗಳಲ್ಲಿ ತಿಂಗಳಿಗೆ ಇಷ್ಟು ಜಿಬಿ ಎಂಬ ಮಿತಿ ಸಣ್ಣಕ್ಷರದಲ್ಲಿ ಇರುತ್ತದೆ, 3300 ಜಿಬಿ ಸಾಮಾನ್ಯ. ಅಪ್‌ಲೋಡ್ ಕೂಡ ಅದರಲ್ಲಿ ಸೇರುತ್ತದೆ ಅಂದುಕೊಂಡೇ ಲೆಕ್ಕ ಹಾಕಿ. 5 ಎಂಬಿಪಿಎಸ್ 30 ದಿನ ಬಿಡದೆ ಹೋದರೆ 1620 ಜಿಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಎಲ್ಲ ಹಾಕಿಯೂ ಅಪ್‌ಲೋಡ್ ಸೊನ್ನೆಯಲ್ಲೇ ಇದೆಯಾ? ಕೇಳುವವರು ಇಲ್ಲದಿರಬಹುದು, ಅಥವಾ ಹೊರಗಿನವರಿಗೆ ನಿಮ್ಮ ಕಂಪ್ಯೂಟರ್ ಕಾಣುತ್ತಿಲ್ಲ. ರೂಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಗಿನ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಕಂಪನಿಯವರು ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ, ನೀವು ರೂಟರ್‌ನಲ್ಲಿ ಎಷ್ಟು ಪೋರ್ಟ್ (ಹೊರಗಿನವರು ಒಳಬರುವ ಬಾಗಿಲು) ತೆರೆದರೂ ಪ್ರಯೋಜನ ಇಲ್ಲ. ರೂಟರ್‌ನಲ್ಲಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಆನ್ ಮಾಡಿ ನೋಡಿ, ಕೆಲವೊಮ್ಮೆ ಅಷ್ಟರಲ್ಲೇ ದಾರಿ ತೆರೆಯುತ್ತದೆ. ಅದೂ ಆಗದಿದ್ದರೆ ಬಿಡಿ, ನಿಮ್ಮ ಕಡೆಯಿಂದ ಸಂಪರ್ಕ ಹೋದವರಿಗೆ ಹೇಗೂ ಕೊಡುತ್ತಿರುತ್ತೀರಿ.

ಯಾವ ಫೈಲ್ ಇಟ್ಟುಕೊಳ್ಳಬೇಕು? ಎಲ್ಲರೂ ಕೇಳುವ ಹೆಸರಾಂತ ಭಾಗವತರ ಪದ್ಯಗಳಿಗೆ ಸೀಡ್ ಮಾಡುವವರು ಸಿಗುತ್ತಾರೆ. ಸೀಡ್ ಅಂಕಿ 0 ಅಥವಾ 1 ತೋರಿಸುವ, ಯಾವುದೋ ಹಳ್ಳಿಯ ಹರಕೆ ಆಟದ ರೆಕಾರ್ಡಿಂಗ್ ಇಟ್ಟುಕೊಳ್ಳಿ. ರೇಶಿಯೋ (ಇಳಿಸಿದ್ದಕ್ಕೆ ಎಷ್ಟು ಪಟ್ಟು ಕೊಟ್ಟಿರಿ ಎಂಬ ಲೆಕ್ಕ) ಇಷ್ಟಾದ ಮೇಲೆ ನಿಲ್ಲಿಸು ಎಂಬ ಟಿಕ್ ಇದ್ದರೆ ತೆಗೆದುಬಿಡಿ.

ಹಕ್ಕಿನ ವಿಷಯ ಹಗುರವಾಗಿ ನೋಡಬೇಡಿ. ಭಾರತದ ಕಾಪಿರೈಟ್ ಕಾನೂನಿನಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ, ಕ್ಯಾಸೆಟ್ ಕಂಪನಿಗಳ ಹಕ್ಕು ಬೇರೆ. ಮೇಳ ಮತ್ತು ಕಲಾವಿದರ ಒಪ್ಪಿಗೆ ಇದೆಯಾ ಎಂದು ಸೈಟಿನವರನ್ನು ಕೇಳಿ, ಸರಿಯಾದ ಉತ್ತರ ಬರದಿದ್ದರೆ ಸೇರಬೇಡಿ. ಟೊರೆಂಟ್‌ನಲ್ಲಿ ನಿಮ್ಮ ಐಪಿ ಉಳಿದವರಿಗೆ ಕಾಣುತ್ತದೆ, ಹಂಚುತ್ತಿರುವವರು ನೀವೇ.

ಕರೆಂಟ್: 60 ವಾಟಿನ ಡೆಸ್ಕ್‌ಟಾಪ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 43 ಯೂನಿಟ್. ಇದಕ್ಕೆಂದೇ ಅಷ್ಟು ಸುಡುವುದು ದಂಡ. 5 ವಾಟಿನ ಆಸುಪಾಸಿನಲ್ಲಿ ನಡೆಯುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶ ಹಾಕಿದರೆ 4 ಯೂನಿಟ್‌ನೊಳಗೆ ಮುಗಿಯುತ್ತದೆ, ಡಿಸ್ಕ್ ಸೇರಿಸಿದರೆ ಸ್ವಲ್ಪ ಜಾಸ್ತಿ. ಅದರ ನಿಯಂತ್ರಣ ಪುಟ 9091 ಪೋರ್ಟಿನಲ್ಲಿರುತ್ತದೆ, ಅದನ್ನು ಮನೆಯ ಹೊರಗೆ ತೆರೆದಿಡಬೇಡಿ.

ಮೇ ತಿಂಗಳಲ್ಲಿ ಸಂಜೆ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ರೂಟರಿನದ್ದೂ. ಫೈಬರ್ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಬರುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲೇ ಇದೆಯಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಹೇಗೂ ಇದ್ದದ್ದೇ, ಅದಕ್ಕೆ ಕಂಪ್ಯೂಟರಿನ ಬಯೋಸ್‌ನಲ್ಲಿ (ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆ ಹಾಕಿ, ಕ್ಯೂಬಿಟ್‌ಟೊರೆಂಟ್ ತಾನೇ ಶುರುವಾಗುವಂತೆ ಮಾಡಿ, ಸ್ಲೀಪ್ ತೆಗೆದುಬಿಡಿ. ಪೈ ಆದರೆ ಇದರ ಚಿಂತೆ ಇಲ್ಲ, ಕರೆಂಟ್ ಬಂದರೆ ಅದೇ ಏಳುತ್ತದೆ.